ಕಣ್ಣಿನ ಮಾತು ಬಿಟ್ಟು ಬೀಗದ ಮಾತು

ಮಂಗಳವಾರ, ಹದಿನಾಲ್ಕನೇ ತಾರೀಖು.

ಮೊನ್ನೆ ಮೈಕು ಹಿಡಿದು ನನ್ನನ್ನು ಮಾತಾಡಿಸಲು ಮನೆಗೆ ಬಂದ ಆ ಟೀವಿಯವನ ನಗು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಮಹಡಿ ಮೇಲಿನ ನರ್ಸಮ್ಮ ಬೇರೆ ರಾಜ್ಯದವಳು. ಅಂಥವರು ಪಕ್ಕದಲ್ಲಿದ್ದರೆ ಭಯವಾಗುತ್ತಾ ಅಜ್ಜಿ ಎಂದು ಮೂರು ಸಲ ಕೇಳಿದ.

"ಮೊದಲ ದಿನ ಭಯ ಆಯ್ತಪ್ಪ, ಬೀರುಗೆ ಬೀಗ ಹಾಕಿದ್ದೆ. ಈಗ ಆಪರೇಷನ್ ಆದ ಕಣ್ಣನ್ನೇ ಅವಳ ಕೈಗೆ ಕೊಟ್ಟಿದ್ದೀನಿ. ದಿನಾ ಸಂಜೆ ಬಂದು ಔಷಧಿ ಹಾಕ್ತಾಳೆ" ಅಂದೆ.

ಇವತ್ತು ಟೀವಿಯಲ್ಲಿ ಬಂದದ್ದು ಭಯ ಮತ್ತು ಬೀಗ, ಅಷ್ಟೇ. ಕಣ್ಣಿನ ಮಾತನ್ನು ನುಂಗಿ ನೀರು ಕುಡಿದಿದ್ದಾನೆ. ಅದರ ಹಿಂದೆಯೇ ಬಾವುಟ ಹಾರಿಸಿ, ನಾವೆಲ್ಲ ಒಂದೇ ದೇಶದವರು ಎಂಬ ಹಾಡು ಬೇರೆ!

"ಅತ್ತೆ, ಟೀವಿಲಿ ಚೆನ್ನಾಗಿ ಕಾಣ್ತೀರಿ" ಅಂದಳು ಸೊಸೆ.

"ಸುಮ್ನಿರೇ. ಮುಖ ಒಂದು ಬಿಟ್ಟು ಉಳಿದದ್ದೆಲ್ಲ ಕತ್ತರಿಸಿದಾನೆ."

ಆದರೂ ಅವನು ಸುಳ್ಳು ಸೇರಿಸಲಿಲ್ಲವಲ್ಲ. ಅವಳ ಊರು ಯಾವ ದಿಕ್ಕಿಗಿದೆ ಎಂದೂ ಕೇಳದೆ, ಬರೀ ಮುಖ ನೋಡಿ ಬೀಗ ಹುಡುಕಿದವಳು ನಾನೇ. ಅವನಿಗೆ ಕತ್ತರಿ ಕೊಟ್ಟವಳೂ ನಾನೇ.

ನರ್ಸಮ್ಮ ಕೆಲಸ ಮಾಡೋ ಆಸ್ಪತ್ರೆಯಲ್ಲಿ ಎಲ್ಲರೂ ಟೀವಿಯಲ್ಲಿ ಅದನ್ನು ಅವಳೆದುರಿಗೇ ನೋಡಿದರಂತೆ. ದಿನವೂ "ಅಜ್ಜಿ, ಮಲಗಿ ಮಲಗಿ" ಎನ್ನುತ್ತ ನೇರ ಮಂಚದವರೆಗೆ ನುಗ್ಗುತ್ತಿದ್ದವಳು ಇವತ್ತು ಹೊಸಿಲಾಚೆಯೇ ನಿಂತಳು.

"ಒಳಗೆ ಬರಬಹುದಾ?" ಎಂದು ಕೇಳಿದಳು.

"ಬಾಮ್ಮ" ಎಂದೆ, ಅಷ್ಟೇ. ಎಣಿಸಿದ ಹಾಗೆ ಎರಡು ಹನಿ ಹಾಕಿ ಹೋದಳು. ಕೈ ಎಂದಿನಷ್ಟೇ ಮೆತ್ತಗಿತ್ತು.

ನಾಳೆ ಸಂಜೆ ಬಾಗಿಲು ಪೂರ್ತಿ ತೆರೆದು, ಹೊಸಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಆಗಲೂ ಅವಳು ಹಾಗೆ ಕೇಳಿದರೆ, ಟೀವಿಯವನು ನುಂಗಿದ ಕಣ್ಣಿನ ಮಾತನ್ನು ನಾನೇ ಅವಳಿಗೆ ಹೇಳಿ, ಕೈ ಹಿಡಿದು ಒಳಗೆ ಕರೆತರುತ್ತೇನೆ.