ನೀನು ಕಳಿಸಿದ ಕೋಣೆಯ ಅಳತೆ

ಫೆಬ್ರುವರಿ ೯

ಮಗಳೇ,

ನಾವಿಬ್ಬರೂ ಚೆನ್ನಾಗಿದ್ದೇವೆ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಒಂದು ಶಾಲೆಗೆ ನಲವತ್ತು ಬೆಂಚು ಮಾಡಿಕೊಡಲು ಒಪ್ಪಿಕೊಂಡು ಕೂತಿದ್ದೆ. ಮರದ ಅಂಗಡಿಯವನು ಒಣಗಿದ್ದು ಅಂತ ಹೇಳಿ ಹಸಿ ಹಲಗೆ ತಂದು ಸುರಿದ. ನಾನು ಬಿಡುತ್ತೇನೆಯೇ? ಒಂದೊಂದನ್ನೂ ತಟ್ಟಿ ನೋಡಿ ಅರ್ಧ ಲಾರಿ ವಾಪಸು ಕಳಿಸಿದೆ. "ನಿಮಗೆ ಮರದಲ್ಲೂ ಹುಳ ಕಾಣುತ್ತೆ, ಮನುಷ್ಯರಲ್ಲೂ ಹುಳ ಕಾಣುತ್ತೆ ಕಣ್ರೀ" ಅಂದಳು ನಿಮ್ಮಮ್ಮ. ಇರೋದಕ್ಕೇ ಕಾಣುತ್ತೆ ಕಣೇ ಅಂದೆ. ಫೋನಿನಲ್ಲೇ ಹೇಳಿ ಮುಗಿಸೋಣವೆಂದರೆ ನನ್ನ ಕಿವಿ ನಿನಗೆ ಗೊತ್ತಲ್ಲ, ನಲವತ್ತು ವರ್ಷ ಗರಗಸದ ಮಿಷನ್ನಿನ ಪಕ್ಕ ನಿಂತ ಕಿವಿ. ಅದಕ್ಕೇ ಈ ಕಾಗದ.

ಒಂದರ ಮೇಲೊಂದು ಇರುವ ಅಟ್ಟದ ಮಂಚ ಬೇಕು, ಮೇಲೆ ಅಕ್ಕ ಅಳಿಲು, ಕೆಳಗೆ ತಮ್ಮ ಗುಂಡು, "ಆದರೆ ಅಪ್ಪಾ, ಮಕ್ಕಳು ಅದಕ್ಕೆ ತಯಾರಾಗಿದ್ದಾರೆ ಅಂತ ಹೇಗೆ ತಿಳಿಯೋದು?" ಅಂತ ಕೇಳಿದ್ದೀಯ. ಮಂಚದ ಅಂಗಡಿಯವರನ್ನು ಕೇಳಿದರೆ ಮೇಲೆ ಮಲಗುವ ಮಗುವಿಗೆ ಆರು ತುಂಬಿರಬೇಕು ಅಂತಾರೆ. ನಮ್ಮ ಅಳಿಲಿಗೆ ಆರು ತುಂಬಲು ಇನ್ನೂ ಎರಡು ತಿಂಗಳು ಬೇಕು. ಗುಂಡು ಮೂರೂವರೆಯ ಪೋರ, ಅವನ ಮಾತೇ ಬೇಡ. ಏಣಿಯ ಕೆಳಗಿನ ಎರಡು ಮೆಟ್ಟಿಲು ಕಳಚಿಡುವ ಹಾಗೆ ಮಾಡಿದರೆ ಮಾತ್ರ ಆ ಮಹಾನುಭಾವ ಕೆಳಗಿರುತ್ತಾನೆ. ಆದರೆ ನನ್ನ ಪ್ರಕಾರ ವಯಸ್ಸು ಅರ್ಧ ಮಾತು ಅಷ್ಟೇ. ಎಂಟು ವರ್ಷದವನು ಬಿದ್ದದ್ದನ್ನು ನೋಡಿದ್ದೇನೆ, ಐದು ವರ್ಷದವಳು ಬೆಕ್ಕಿನ ಹಾಗೆ ಇಳಿದದ್ದನ್ನೂ ನೋಡಿದ್ದೇನೆ.

ನೀನು ಹೀಗೆ ಮಾಡು. ಮಧ್ಯಾಹ್ನ ಮಲಗಿ ಎದ್ದ ಕೂಡಲೇ, ಕಣ್ಣಲ್ಲಿ ಇನ್ನೂ ನಿದ್ದೆ ಇರುವಾಗ, ಅಳಿಲನ್ನು ಒಂದು ಏಣಿ ಹತ್ತಿಸಿ ಇಳಿಸಿ ನೋಡು. ಏಣಿಗೆ ಮುಖ ಮಾಡಿ ಇಳಿಯಬೇಕು, ಬೆನ್ನು ಮಾಡಿ ಅಲ್ಲ. ನೀನು ಪಕ್ಕದಲ್ಲೇ ಇರು, ಆದರೆ ಕೈ ಕೊಡಬೇಡ. ನಡುವೆ ಎಲ್ಲೋ ಹೆದರಿಕೆಯಾದರೆ "ಅಮ್ಮಾ, ಇಳಿಸು" ಅಂತ ಕೂಗುತ್ತಾಳಾ ನೋಡು. ಅದೇ ದೊಡ್ಡ ಪರೀಕ್ಷೆ. ಕೂಗುವ ಮಗುವನ್ನು ಯಾರಾದರೂ ಬಂದು ಇಳಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡು ಧುಮುಕುವ ಮಗುವೇ ಕೈ ಮುರಿದುಕೊಳ್ಳುವುದು.

ಇದು ನನಗೆ ಹೇಗೆ ಗೊತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಏಳು ವರ್ಷದವಳಿದ್ದಾಗ ಕಾರ್ಖಾನೆಯ ಹಿಂದಿನ ಹಲಗೆ ರಾಶಿ ಹತ್ತಿದ್ದೆಯಲ್ಲ, ನಾನು ಹತ್ತು ಹೆಜ್ಜೆ ಆಚೆ ಬಾಗಿಲು ಕೂಡಿಸುತ್ತಿದ್ದೆ. ಇಳಿಯಲು ಬಾರದೆ ಎಷ್ಟು ಹೊತ್ತು ಕೂತಿದ್ದೆಯೋ, ಕೊನೆಗೆ ಸದ್ದಿಲ್ಲದೆ ಧುಮುಕಿದೆ. ಮಣಿಕಟ್ಟು ಮುರಿಯಿತು. "ಯಾಕೆ ಕರೀಲಿಲ್ಲ?" ಅಂದರೆ "ನೀವು ಬೈತೀರಲ್ಲಾ" ಅಂದೆ. ಆಸ್ಪತ್ರೆ ತಲುಪುವ ತನಕ ನಾನು ಬೈದೆ ಕೂಡ.

ಇರಲಿ, ಈಗ ಅಳತೆಯ ವಿಷಯ. ಕೋಣೆ ಹತ್ತಡಿಗೆ ಒಂಬತ್ತಡಿ, ಚಾವಣಿ ಎಂಟಡಿ ಎರಡಿಂಚು, ಬಾಗಿಲ ಎಡಕ್ಕೆ ಕಿಟಕಿ ಅಂತ ಬರೆದಿದ್ದೀಯ. ಟೇಪಿನ ತುದಿ ಮುರಿದಿದೆಯೇನೇ? ನಿಮ್ಮ ಮನೆಯ ಮಕ್ಕಳ ಕೋಣೆ ಹನ್ನೆರಡಕ್ಕೆ ಹನ್ನೊಂದು. ಚಾವಣಿ ಹತ್ತೂವರೆ. ಕಿಟಕಿ ಇರುವುದು ಬಾಗಿಲ ಎದುರಿಗೆ. ಅಲ್ಲಿನ ಒಂದೊಂದು ಚೌಕಟ್ಟನ್ನೂ ನನ್ನ ಕೈಯಾರೆ ಕೂರಿಸಿದ್ದೇನೆ. ಹೋದ ವರ್ಷ ಬಂದಾಗಲೂ, ನಿಮ್ಮಿಬ್ಬರ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಬೇಕು, ಮಕ್ಕಳು ಒಳಗೆ ಹೋಗಿ ಬೀರು ಮೈಮೇಲೆ ಎಳೆದುಕೊಳ್ಳುತ್ತಾರೆ ಅಂತ ಅಳಿಯಂದಿರು ಕೇಳಿದ್ದಕ್ಕೆ ಅದನ್ನೂ ಹಾಕಿ ಬಂದೆ. ನನಗೆ ಗೊತ್ತಿಲ್ಲದ ಗೋಡೆ ಆ ಮನೆಯಲ್ಲಿಲ್ಲ.

ಇನ್ನೊಂದು ಮಾತು. ಉತ್ತರವನ್ನು ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಕಳಿಸಿ ಅಂದಿದ್ದೀಯ. ಯಾಕೆ, ಅಂಚೆಯವನಿಗೆ ನಿಮ್ಮ ಮನೆಯ ದಾರಿ ಮರೆತುಹೋಯಿತಾ? ಇನ್ನೊಂದು ಸಲ ಅಳೆದು ಬರೆ.

ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ

ಫೆಬ್ರುವರಿ ೨೬

ಮಗಳೇ,

ನಿನ್ನ ಕಾಗದ ಬಂತು. ಓದಿದೆ, ಮತ್ತೆ ಓದಿದೆ, ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ ಅಲ್ಲೂ ತೆಗೆದು ಓದಿದೆ. ಹೊಸದಾಗಿ ಸುಳ್ಳು ಚಾವಣಿ ಕಟ್ಟಿಸಿದ್ದೇವೆ, ಅದಕ್ಕೇ ಎಂಟಡಿ ಆಗಿದೆ ಅಂದಿದ್ದೀಯ. ಸರಿ, ಒಪ್ಪಿದೆ. ಚಾವಣಿ ಇಳಿಯಿತು. ಗೋಡೆಗಳು ಯಾಕೆ ಹತ್ತಿರ ಬಂದವು? ಕಿಟಕಿ ಯಾಕೆ ಎದ್ದು ಬಂದು ಬಾಗಿಲ ಪಕ್ಕ ಕೂತಿತು? ಬಡಗಿಗೆ ಅಳತೆಯ ಸುಳ್ಳು ಹೇಳಬಾರದು ಮಗಳೇ, ಅದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಬುದ್ಧಿ ಏನೇನೋ ಓಡಿತು. ಆ ಕೋಣೆಯನ್ನು ಅಡ್ಡಗೋಡೆ ಹಾಕಿ ಯಾರಿಗಾದರೂ ಬಾಡಿಗೆಗೆ ಕೊಡುತ್ತಿದ್ದೀರಾ? ಅಳಿಯಂದಿರ ಔಷಧಿ ಅಂಗಡಿಯ ಸರಕು ತಂದು ತುಂಬುತ್ತಿದ್ದೀರಾ? ಯಾರನ್ನೋ ಮನೆಗೆ ಕರೆತರುವುದಕ್ಕೆ ಮಕ್ಕಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೀರಾ? ನಿಮ್ಮಮ್ಮನನ್ನು ಕೇಳಿದೆ. "ನಂಗೇನ್ ಗೊತ್ರೀ, ಕೇಳಿದ್ದನ್ನ ಮಾಡಿಕೊಡಿ" ಅಂದು ಪಾತ್ರೆ ತೊಳೆಯಲು ಹೋದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಈಚೆಗೆ ನಾನು ಒಳಗೆ ಬಂದರೆ ಅವಳು ಫೋನು ಕೆಳಗಿಡುತ್ತಾಳೆ. ನನ್ನ ಕಿವಿ ಹೋಗಿರಬಹುದು, ಕಣ್ಣು ಹೋಗಿಲ್ಲ.

ನೀನು ಬರೆದ ಇನ್ನೊಂದು ಸಾಲು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಕನ್ನಡಕದ ಅಂಗಡಿಯ ಹಿತ್ತಿಲಿನ ಏಣಿಯಲ್ಲಿ ಅಳಿಲನ್ನು ಹತ್ತಿಸಿ ನೋಡಿದೆ, ಸರಿಯಾಗಿಯೇ ಹತ್ತಿದಳು, ಆದರೆ ಮೇಲೆ ಹೆದರಿಕೆಯಾದಾಗ ಕೂಗಲಿಲ್ಲ, ಕಂಬಿ ಹಿಡಿದು ಸುಮ್ಮನೆ ಕೂತುಬಿಟ್ಟಳು ಅಂದಿದ್ದೀಯ. ಅಳಿಲು ಸುಮ್ಮನೆ ಕೂತಳೇ? ಮೂಗಿನ ಮೇಲೆ ನೊಣ ಕೂತರೆ ಬೀದಿಗೆಲ್ಲ ಸಾರುತ್ತಿದ್ದ ಮಗು ಅದು. ಹೋದ ವರ್ಷ ನಾನು ಬಂದಾಗ "ತಾತಾ, ನಿಮ್ಮ ಕಿವಿ ನಂಗೆ ಕೊಡಿ, ನಾನು ಜೋರಾಗಿ ಹೇಳ್ತೀನಿ" ಅಂತ ಕಿರುಚುತ್ತಿತ್ತು. ಆ ಬಾಯಿಯನ್ನು ಯಾರು ಮುಚ್ಚಿಸಿದರು?

ತಡೆಯಲಾರದೆ ಮೊನ್ನೆ ಅಳಿಯಂದಿರಿಗೇ ಫೋನ್ ಮಾಡಿಸಿದೆ. ನಮ್ಮ ಕಾರ್ಖಾನೆಯ ಪಾಲಿಶ್‌ನವನು ನಂಬರು ಒತ್ತಿ, ಅವರು ಹೇಳಿದ್ದನ್ನೆಲ್ಲ ನನ್ನ ಕಿವಿಗೆ ಕೂಗಿ ಹೇಳುತ್ತಿದ್ದ. ಮಂಚದ ಬಗ್ಗೆ ಕೇಳಬೇಕಿತ್ತು ಅಂದೆ. "ಮಂಚಾನಾ? ಯಾವ ಮಂಚ ಮಾವ?" ಅಂದರಂತೆ. ಪಾಲಿಶ್‌ನವನು ನನ್ನ ಮುಖ ನೋಡಿದ. ಆ ಗಳಿಗೆಯಲ್ಲಿ ನನಗೆ ಏನನ್ನಿಸಿತೋ, "ಕ್ಷಮಿಸಿ, ಇನ್ನೊಬ್ಬ ಗಿರಾಕಿದು, ನಂಬರು ಅದಲು ಬದಲಾಯ್ತು" ಅಂತ ಹೇಳಿಸಿ ಇಡಿಸಿಬಿಟ್ಟೆ. ಅಳಿಯಂದಿರಿಗೆ ಜೀವಮಾನದಲ್ಲಿ ಮೊದಲ ಸಲ ಸುಳ್ಳು ಹೇಳಿದೆ. ಯಾಕೆ ಹೇಳಿದೆ ಅಂತ ನನಗೇ ಗೊತ್ತಿಲ್ಲ. ನಿನಗೆ ಗೊತ್ತಿದೆ ಅಂತ ಮಾತ್ರ ಗೊತ್ತು.

ಹಲಗೆ ಆರಿಸಿ ಇಟ್ಟಿದ್ದೇನೆ. ಆದರೆ ಯಾವ ಕೋಣೆಗೆ ಅಂತ ತಿಳಿಯದೆ ನಾನು ಗರಗಸ ಮುಟ್ಟುವುದಿಲ್ಲ. ನಿಜ ಬರೆ.

ನಿನ್ನ ಅಪ್ಪ

ಮಾರ್ಚ್ ೧೪

ನನ್ನ ಮಗಳೇ,

ನಿನ್ನಿಂದ ಉತ್ತರ ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು, ಬಂದಿದ್ದರೆ ಅದರಲ್ಲೂ ಇನ್ನೊಂದು ಸುಳ್ಳು ಹುಡುಕುತ್ತಾ ಕೂರುತ್ತಿದ್ದೆ.

ಹೋದ ಗುರುವಾರ ಮಧ್ಯಾಹ್ನ ಊಟಕ್ಕೆ ಬಂದೆ. ನಿಮ್ಮಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಹಾಸಿಗೆಗೆ ಗವಸು ಹೊಲಿಯುತ್ತಿದ್ದಳು. ಎರಡು ಚಿಕ್ಕವು, ಮಡಚಿ ಇಟ್ಟಿದ್ದವು. ಕೈಯಲ್ಲಿದ್ದದ್ದು ಮೂರನೆಯದು, ಉದ್ದದ್ದು. "ಇಬ್ಬರು ಮಕ್ಕಳಿಗೆ ಮೂರು ಹಾಸಿಗೆ ಯಾಕೇ?" ಅಂದೆ. ಅವಳು ಮಿಷನ್ ನಿಲ್ಲಿಸಲಿಲ್ಲ. ನಾನು ಚಕ್ರಕ್ಕೆ ಕೈ ಅಡ್ಡ ಇಟ್ಟೆ. ಆಗ ತಲೆ ಎತ್ತಿ, "ಅವಳು ನೆಲದ ಮೇಲೆ ಮಲಗ್ತಿದ್ದಾಳೆ ಕಣ್ರೀ" ಅಂದಳು. ಆಮೇಲೆ ಎಲ್ಲ ಹೇಳಿದಳು. ನೀನು ಸೋಮವಾರವೇ ಮಕ್ಕಳನ್ನು ಕರೆದುಕೊಂಡು ಆ ಮನೆ ಬಿಟ್ಟದ್ದು, ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆಗೆ ಬಂದದ್ದು, ಅದನ್ನು ಗೊತ್ತುಮಾಡಿ ಎರಡು ತಿಂಗಳಾಗಿದ್ದದ್ದು. ಎಲ್ಲ ಅವಳಿಗೆ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಅಂತ ಕೂಗಾಡಿದೆ. "ಇದಕ್ಕೇ" ಅಂದಳು.

ಅಳಿಯಂದಿರು ಕೈ ಎತ್ತುತ್ತಿರಲಿಲ್ಲವಂತೆ. ದನಿಯನ್ನೂ ಎತ್ತುತ್ತಿರಲಿಲ್ಲವಂತೆ. ನೀನು ಎದುರು ಮಾತಾಡಿದ ದಿನ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೋಗುತ್ತಿದ್ದರಂತೆ. ಮಕ್ಕಳು ಬಾಗಿಲ ಈಚೆ ಕೂತಿರುತ್ತಿದ್ದವಂತೆ. ಅವು ಅತ್ತರೆ ಅಮ್ಮ ಒಳಗೆ ಇನ್ನೊಂದು ಗಂಟೆ ಅಂತ ಹೇಳಿಟ್ಟಿದ್ದರಂತೆ, ಅದಕ್ಕೇ ಅಳಿಲು ಬಾಯಿ ಬಿಡುವುದನ್ನೇ ಮರೆತದ್ದು. ಮರದಂಗಡಿಯವನನ್ನು ನಂಬಲಿಲ್ಲ, ಅಂಚೆಯವನನ್ನು ನಂಬಲಿಲ್ಲ, ನಿಮ್ಮಮ್ಮನನ್ನೂ ನಿನ್ನನ್ನೂ ನಂಬಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಮೆಲ್ಲಗೆ ಮಾತಾಡುವ ಒಬ್ಬನನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ. ಥೂ, ನನ್ನ ಅನುಮಾನಕ್ಕಿಷ್ಟು ಬೆಂಕಿ ಹಾಕ.

ಮಂಚ ಆಗಿದೆ. ಐದು ದಿನ ಬೇರೆ ಕೆಲಸ ಮುಟ್ಟಲಿಲ್ಲ, ಬೆಂಚುಗಳು ಕಾಯುತ್ತವೆ. ನಿಮ್ಮ ಮೆಟ್ಟಿಲು ಕಿರಿದು, ತಿರುವು ಬೇರೆ ಇದೆ ಅಂತ ನಿಮ್ಮಮ್ಮ ಹೇಳಿದಳು, ಅದಕ್ಕೇ ಎಲ್ಲವನ್ನೂ ಬಿಡಿಬಿಡಿಯಾಗಿ ಮಾಡಿದ್ದೇನೆ. ಶನಿವಾರ ಪಾಲಿಶ್‌ನವನು ಗಾಡಿಯಲ್ಲಿ ತಂದು ಜೋಡಿಸಿ ಕೊಡುತ್ತಾನೆ. ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡು, ಸ್ಪ್ಯಾನರನ್ನು ಕೆಳಗಿನ ಕಾಲಿಗೆ ದಾರದಲ್ಲಿ ಕಟ್ಟಿದ್ದೇನೆ. ಮೇಲಿನ ಕಟಕಟೆ ಹಾಸಿಗೆಗಿಂತ ಒಂದು ಗೇಣು ಎತ್ತರ ಇದೆ, ದಪ್ಪ ಹಾಸಿಗೆ ಹಾಕಿ ಅದನ್ನು ತಗ್ಗಿಸಬೇಡ. ಚಾವಣಿ ಎಂಟಡಿ ಎರಡಿಂಚು ಅಂದಿದ್ದೆಯಲ್ಲ, ಅಳಿಲು ಎದ್ದು ಕೂತರೆ ತಲೆ ತಗಲುವುದಿಲ್ಲ, ಲೆಕ್ಕ ಹಾಕಿದ್ದೇನೆ. ಆ ಅಳತೆ ಒಂದಿಂಚೂ ತಪ್ಪಿರಲಿಲ್ಲ, ಟೇಪಿನ ತುದಿ ಮುರಿದಿದೆ ಅಂದದ್ದಕ್ಕೆ ಮನ್ನಿಸು.

ಕೆಳಗಿನ ಮಂಚದ ಅಡಿಯಲ್ಲಿ ಇನ್ನೊಂದಿದೆ, ಗಾಲಿ ಹಾಕಿದ್ದೇನೆ, ಎಳೆದರೆ ಬರುತ್ತದೆ. ಅದು ನಿನಗೆ. ಆರಡಿ ಉದ್ದ. ನಿನ್ನ ಕಾಗದದಲ್ಲಿ ಅಳಿಲಿಗೆ ಜಾಗ ಬರೆದಿದ್ದೆ, ಗುಂಡುವಿಗೆ ಬರೆದಿದ್ದೆ, ನಿನಗೆ ಬರೆದಿರಲಿಲ್ಲ.

ಇನ್ನು ನೀನು ಮೊದಲು ಕೇಳಿದ ಪ್ರಶ್ನೆ. ಅಳಿಲನ್ನು ಈಗಲೇ ಮೇಲೆ ಮಲಗಿಸಬೇಡ. ಆರು ತುಂಬಿದ ಮಾತ್ರಕ್ಕೂ ಮಲಗಿಸಬೇಡ. ಸದ್ಯಕ್ಕೆ ಮೇಲೆ ಪೆಟ್ಟಿಗೆ, ಹೊದಿಕೆ ಇಟ್ಟುಕೊಳ್ಳಿ, ಮೂವರೂ ಕೆಳಗೇ ಮಲಗಿ. ಹಗಲಲ್ಲಿ ಹತ್ತಲಿ, ಇಳಿಯಲಿ, ಆಡಲಿ, ನೀನು ಪಕ್ಕದಲ್ಲಿರು. ಒಂದು ದಿನ ಮೇಲಿಂದ ಬೀದಿಗೆಲ್ಲ ಕೇಳುವ ಹಾಗೆ "ಅಮ್ಮಾ, ಹೆದರಿಕೆ ಆಗ್ತಿದೆ, ಇಳಿಸು" ಅಂತ ಕಿರುಚುತ್ತಾಳೆ ನೋಡು, ಆವತ್ತು ರಾತ್ರಿಯಿಂದ ಮಲಗಿಸು. ಕಿರುಚಿದಳು ಅಂತ ನನಗೂ ಬರೆ.

ಎಲ್ಲಿದ್ದರೂ ನೆಮ್ಮದಿಯಾಗಿ ನಿದ್ದೆ ಮಾಡುವ ಹಾಗಾಗಲಿ, ಮೂವರೂ ನೂರು ಕಾಲ ಬಾಳಿ. ನಿಮ್ಮಮ್ಮ ಗವಸುಗಳ ಜೊತೆ ಏನೇನೋ ಕಟ್ಟಿಟ್ಟಿದ್ದಾಳೆ, ನನಗೆ ತೋರಿಸಿಲ್ಲ, ನಾನೂ ಕೇಳಿಲ್ಲ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಚಿಲಕ ಹಾಕಿ ಎರಡು ತಿಂಗಳಾದ ಮೇಲೆ ಒಂದು ದಿನ ನೀನೊಬ್ಬಳೇ ಬಂದಿದ್ದೆ. ನಿಮ್ಮಮ್ಮ ಮನೆಯಲ್ಲಿರಲಿಲ್ಲ. ಕಾರ್ಖಾನೆಗೆ ಬಂದು ಸ್ಟೂಲಿನ ಮೇಲೆ ಕೂತೆ, ನೀರು ಕುಡಿದೆ, ಲೋಟ ಕೆಳಗಿಟ್ಟು "ಅಪ್ಪಾ, ಆ ಚಿಲಕ ಒಂದ್ಸಲ ಬಂದು ನೋಡ್ತೀರಾ" ಅಂದೆ. ನಾನು ಹಲಗೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೀಯ ಅನ್ನಿಸಿ, "ಯಾಕೆ, ಸಡಿಲ ಆಗಿದೆಯಾ?" ಅಂದೆ. ನೀನು ನನ್ನ ಮುಖ ನೋಡಿ, "ಇಲ್ಲಪ್ಪಾ, ಗಟ್ಟಿಯಾಗಿದೆ" ಅಂದೆ. ಐದು ಗಂಟೆಯ ಬಸ್ಸಿಗೆ ಹೊರಟುಹೋದೆ. ಅದು ನೀನು ನನ್ನನ್ನು ಕೂಗಿದ್ದು, ಅಲ್ಲವಾ?