ಬೂದಿಯೊಳಗ ಆರಿದ ಬೀಡು

ವಳಕಮದಿನ್ನಿ,
ತಾ. ೨೮-೭-೧೯೮೮

ನಮ್ಮ ಯಮನಿಯ ಅಪ್ಪಾರಿಗೆ ಆದೆಮ್ಮ ಶರಣು ಮಾಡಿ ಬರಿಯೋದು.

ಕಾಲಿನ ನೋವು ಹ್ಯಾಂಗೈತ್ರಿ? ಮಿರಜಿನ ದವಾಖಾನಿ ಊಟ ಸಪ್ಪಗ ಇರ್ತೈತಂತ. ಖಾರಪುಡಿ ಕಳಿಸೀನಿ, ಡಾಕ್ಟರ್ ಕಣ್ಣಿಗೆ ಬೀಳಲಾರದಂಗ ಇಟ್ಟುಕೊಳ್ರಿ. ಪಟ್ಟಿ ಬಿಚ್ಚೋ ತನಕ ಹಟ ಮಾಡಿ ಎದ್ದು ಅಡ್ಡಾಡಬ್ಯಾಡ್ರಿ. ಇಲ್ಲಿ ಎಲ್ಲಾರೂ ಆರಾಮ.

ಟ್ರ್ಯಾಕ್ಟರ್ ಸುದ್ದಿ ನಿಮಗ ಅರ್ಧ ಮುಟ್ಟೈತಿ. ಕಾಲುವಿಗೆ ನೀರು ಬಿಟ್ಟ ನಾಕನೇ ದಿನಕ್ಕ ಇಂಜಿನ್ನಿನ ಬ್ಲಾಕ್ ಸೀಳಿ ನೀರು ಸೋರಾಕತ್ತಿತು. ಸಿಂಧನೂರಿನ ಅಂಗಡಿಯವ, ಹೊಸಾ ಬ್ಲಾಕ್ ಹೈದರಾಬಾದಿನಿಂದ ಬರಾಕ ತಿಂಗಳು ಬೇಕು ಅಂದ. ಅಲ್ಲಿತನಕ ನೆಲ್ಲಿನ ಸಸಿ ಬಲಿತು ನಾಟಿಗೆ ಬರ್ತಿದ್ದಿಲ್ಲ. ರಿಪೇರಿ ಮಾಡ್ಸಿ ನಡುವ ಕೆಟ್ರ ಇಂಜಿನ್ನೇ ಹೋದೀತು ಅಂತ ಮಾವ ಹೆದರಿಸಿದ. ನೀವು ಇಲ್ಲ, ನಾನೇ ಒಂದು ಮಾತು ಹೇಳಬೇಕಾತು. ಬ್ಲಾಕ್ ಬಿಚ್ಚಿಸಿ ಮಸ್ಕಿಯ ವೆಲ್ಡಿಂಗ್ ಮಿಸ್ತ್ರಿ ಬಂದೇಸಾಬರ ಹತ್ರ ಒಯ್ದೆ. ಮುದುಕರು ಅದಕ್ಕ ಚಿಮಣಿ ಎಣ್ಣಿ ಸವರಿ, ಒರಿಸಿ, ಸೀಮೆಸುಣ್ಣದ ಪುಡಿ ಉದುರಿಸಿದ್ರು. ನೋಡ್ತಾ ನೋಡ್ತಾ ಬಿಳೇ ಪುಡಿ ಮ್ಯಾಲೆ ಕೂದಲೆಳಿಯಂಥಾ ಕರೇ ಗೆರಿ ಎದ್ದು ಬಂತು, ಗೇಣುದ್ದ. "ಖರೇ ಹೇಳವ್ವಾ. ಒಳಗ ಪಿಸ್ಟನ್ ಮುರಿದು ಸೀಳಿದ್ರ ನಾ ಮುಟ್ಟಂಗಿಲ್ಲ, ಹೊಸಾದೇ ತರ್ರಿ. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದು ಸೀಳಿದ್ರ ಮ್ಯಾಲಿನ ಗ್ವಾಡಿ ಅಷ್ಟೇ, ಕೂಡಿಸ್ತೀನಿ" ಅಂದ್ರು.

ಡ್ರೈವರ್ ಗದ್ದೆಪ್ಪ ನೀರಿಲ್ಲದ ಓಡಿಸ್ಯಾನ ಅಂತ ಊರೆಲ್ಲಾ ಅಂದಿತ್ತು. ಅವನಿಂದ ಚಾವಿ ಕಸಗೋ ಅಂತ ನೀವೂ ಬರೆದಿದ್ರಿ, ಕಸಗೊಂಡಿದ್ದೆ. ಆದ್ರ ಅವ ರೇಡಿಯೇಟರ್ ಮುಚ್ಚಳ ತೆಗೆದು, ಆರಲಿ ಅಂತ ಬಿಟ್ಟು, ಬುತ್ತಿ ಉಣ್ಣಾಕ ಹೋಗಿದ್ದ. ಹೊಗಿ ಕಂಡು ಹೆದರಿ ಕಾಲುವಿಯಿಂದ ಕೊಡ ತಂದು ಸುರುವಿದಾಕಿ ನಾನು. ನಾಕು ಮಂದಿ ಎದುರಿಗೇ ಹೇಳಿಬಿಟ್ಟೆ. ಮುದುಕರು ಬೈಲಿಲ್ಲ. "ಹಂಗಾದ್ರ ಇದು ಬದುಕ್ತೈತಿ" ಅಂದ್ರು.

ಮುಂದ ನೋಡಿದ್ದು ಬರಿಯಾಕ ನನಗ ಮಾತು ಸಾಲವಲ್ದು. ಬ್ಲಾಕ್ ಸುತ್ತ ಇದ್ದಿಲು ಒಟ್ಟಿ ಮುಂಜಾನೆ ಉರಿ ಹಚ್ಚಿದ್ರು. ಮಧ್ಯಾಹ್ನಕ್ಕ ಆ ಕರೇ ಬೀಡು ಕಬ್ಬಿಣ ದಾಸವಾಳದಂಗ ಕೆಂಪಾತು. ಹಸೀ ಗೋಣಿಚೀಲ ಹೊದ್ದುಕೊಂಡು, ಆ ವಯಸ್ಸಿನಾಗ, ಉರಿಯ ಮುಂದ ಕುಂತು ಗ್ಯಾಸಿನ ಜ್ವಾಲಿ ಹಿಡಿದ್ರು. ಬೆಸುಗಿ ಹಾಕೋ ಸಳಿ ಕರಗಿ ಇಳೀತು, ಸೀಳು ಅದನ್ನ ಕುಡಿದು ಮುಚ್ಚಿಕೊಂತು. ಆಮ್ಯಾಲೆ ಅವರ ಹೆಂಡತಿ ಜಮೀಲಾಬೀ, ನಾನು ಬುಟ್ಟಿ ಬುಟ್ಟಿ ನೆಲ್ಲಿನ ಹೊಟ್ಟಿನ ಬೂದಿ ಸುರುವಿ ಮುಚ್ಚಿದಿವಿ. ಗಾಳಿ ಬಡಿದು ಒಮ್ಮೆಲೇ ಆರಿದ್ರ ಮತ್ತ ಸೀಳ್ತೈತಂತ. ಮೂರನೇ ದಿನ ತೆಗೆದಾಗ ಇನ್ನೂ ಈಗ ಹುಟ್ಟಿದ ಕರುವಿನಂಗ ಬೆಚ್ಚಗಿತ್ತು. ಸಣ್ಣ ಸುತ್ತಿಗಿಲೆ ತಟ್ಟಿ ಕಿವಿಗೊಟ್ಟು ಕೇಳಿದ್ರು. ಖಣ್ ಅಂತು. ಮುದುಕರ ಕಣ್ಣಾಗ ನೀರು ಬಂತು, ನನಗೂ. ಕಬ್ಬಿಣಕ್ಕೂ ಗಾಯ ಮಾಯ್ತೈತಂತ ನನಗ ಗೊತ್ತಿದ್ದಿಲ್ರಿ. ನಿನ್ನೆ ಟ್ರ್ಯಾಕ್ಟರ್ ರಿಪೇರಿ ಮಿಸ್ತ್ರಿ ಬಂದು ಎಲ್ಲಾ ಜೋಡಿಸಿ ಮನಿ ಮುಂದ ಚಾಲೂ ಮಾಡಿದ. ಒಂದು ತಾಸು ನಿಂತು ನೋಡಿದೆ, ಒಂದು ಹನಿ ಸೋರಲಿಲ್ಲ.

ಮಾವ ನಿಮ್ಮನ್ನ ನೆನೆಸ್ತಾನ. ಯಮನಿ ನಿಮಗ ಶರಣು ಹೇಳ್ಯಾಳ. ಲಗೂನ ನಡಕೊಂತ ಮನಿಗೆ ಬರ್ರಿ.

ನಿಮ್ಮ
ಆದೆಮ್ಮ

ತಾ.ಕ.: ಟಪಾಲಿನವ ಬಾಗಿಲಿಗೆ ಬಂದಾನ. ನಿನ್ನೆ ಸಂಜಿಗೆ ಗದ್ದೆಪ್ಪನ ಊರು ಜವಳಗೇರಿಗೆ ಹೋಗಿ, ಅವನ ಮುಂದ ತಪ್ಪು ಒಪ್ಪಿಕೊಂಡು ಚಾವಿ ಮುಂದ ಹಿಡಿದೆ. ಅವ ತಗೋವಲ್ಲ, "ಕಳ್ಳನಂಗ ಕೆಲಸ ಬಿಡಿಸಿದವರೇ ಕರೀಲಿ ಅಕ್ಕಾ" ಅಂತಾನ. ಬೈಯೋದು ನನ್ನ ಬೈರಿ. ಕೆಲಸಕ್ಕ ಬಾ ಅಂತ ಅವನ ಹೆಸರಿಗೆ ಈ ಕಾಗದ ಮುಟ್ಟಿದ ದಿನಾನೇ ಒಂದು ತಂತಿ ತಾರು ಹೊಡೀರಿ.