ಬಾಗಿಲ ಮುಂದೆ ಒಂದು ಗಳಿಗೆ

ನಾಟಕ ಮಂಡಳಿಯ ವ್ಯವಸ್ಥಾಪಕರಿಗೆ ನಮಸ್ಕಾರ.

ನಿನ್ನೆಯ ಆಟದಲ್ಲಿ ಪರದೆಯ ಮರೆಯಿಂದ ನನ್ನ ದನಿ ಕೊನೆಯ ಸಾಲಿನವರೆಗೂ ಕೇಳಿಸಿತು, ಜನ ನಕ್ಕರು. ನಿಜ. ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವುದಷ್ಟೇ ನನ್ನ ಕೆಲಸ. ಮಗನ ಪಾತ್ರದ ಹೊಸ ನಟರು ಮಾತು ಮರೆತಿರಲಿಲ್ಲ. ಅವರದೇನೂ ತಪ್ಪಿಲ್ಲ.

ನಾವೆಲ್ಲ ದೊಡ್ಡಪ್ಪ ಎನ್ನುತ್ತಿದ್ದ ನಟರು ಎಪ್ಪತ್ತಾದರೂ ಆ ಮಗನ ಪಾತ್ರ ಬಿಟ್ಟಿರಲಿಲ್ಲ. ಮಗ ಮನೆಗೆ ಮರಳಿ ಬಾಗಿಲ ಮುಂದೆ ನಿಲ್ಲುವ ಜಾಗದಲ್ಲಿ, ಹದಿನೆಂಟು ವರ್ಷ, ಪ್ರತಿ ಆಟದಲ್ಲೂ ಸುಮ್ಮನಾಗುತ್ತಿದ್ದರು. ನಾನು ಹೇಳಿಕೊಟ್ಟ ಮೇಲೆಯೇ "ಅಮ್ಮಾ, ಬಾಗಿಲು ತೆಗಿ" ಎನ್ನುತ್ತಿದ್ದರು. ಒಮ್ಮೆ ಬಣ್ಣ ಒರೆಸಿಕೊಳ್ಳುತ್ತಾ, "ಮರೆವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ ಕಣೋ. ನೀನು ಅಲ್ಲೇ ಇದ್ದೀಯಾ ಅಂತ ನೋಡ್ತೀನಿ, ಅಷ್ಟೆ" ಎಂದರು. ನಾಟಕ ಬರೆದ ಮೇಷ್ಟ್ರು ಮೊದಮೊದಲು ಸಿಡುಕುತ್ತಿದ್ದರು. ಆಮೇಲೆ ತಾವೇ ನನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ "ಇಲ್ಲಿ ಕಾಯಬೇಕು" ಎಂದು ಸೇರಿಸಿದರು.

ಈ ತಿಂಗಳ ಮೊದಲ ವಾರ ಮೇಷ್ಟ್ರು ತೀರಿಹೋದರು. ಹತ್ತೇ ದಿನಕ್ಕೆ ದೊಡ್ಡಪ್ಪನೂ ಹೋದರು. ನಿನ್ನೆ ಹೊಸಬರು, ನನ್ನ ಪ್ರತಿ ನೋಡಿಯೇ ಪಾತ್ರ ಕಲಿತವರು, ಮೇಷ್ಟ್ರು ಬರೆದಂತೆಯೇ ಕಾದರು. ನಾನು ಪುಸ್ತಕ ನೋಡಲಿಲ್ಲ. ಅವರು ನಿಂತದ್ದು ದೊಡ್ಡಪ್ಪನಂತೆ ನನ್ನ ಪರದೆಯ ಪಕ್ಕದಲ್ಲಲ್ಲ, ನಡುರಂಗದಲ್ಲಿ; ಅಷ್ಟು ದೂರಕ್ಕೆ ಕೇಳಿಸಲೆಂದು ಕೂಗಿಬಿಟ್ಟೆ.

ದಯವಿಟ್ಟು ನನ್ನನ್ನು ಟಿಕೆಟ್ ಕೌಂಟರಿಗೆ ಹಾಕಿ. ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಆ ಪೆನ್ಸಿಲ್ ಅಕ್ಷರಗಳನ್ನು ಯಾರೂ ಅಳಿಸದಂತೆ ನೋಡಿಕೊಳ್ಳಿ.

ಇನ್ನು ಹೀಗಾಗುವುದಿಲ್ಲ ಎಂದು ಬರೆದುಕೊಡಲು ಹೇಳಿದ್ದೀರಿ. ಅದೊಂದು ನನ್ನಿಂದಾಗದು. ಆ ಬಾಗಿಲ ಮುಂದೆ ಯಾರು ಸುಮ್ಮನೆ ನಿಂತರೂ, "ಇಲ್ಲೇ ಇದ್ದೀನಿ ದೊಡ್ಡಪ್ಪಾ" ಎಂದು ನಿನ್ನೆಯಂತೆಯೇ ಬಾಯಿಗೆ ಬಂದುಬಿಡುತ್ತದೆ.

ಇಂತಿ,
ಎಡಬದಿಯ ಪರದೆಯ ಹಿಂದಿನವನು